ವಿದ್ಯುತ್ ಎಸ್‌ಯುವಿಯ ಚಾರ್ಜಿಂಗ್ ಕಾಲ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯಲ್ಲಿ

ವಿದ್ಯುಚ್ಛಕ್ತಿಯಿಂದ ಚಲಿಸುವ ಎಸ್‌ಯುವಿಯೊಂದರ ಬ್ಯಾಟರಿಯು ಬರಿದಾದ ಅಥವಾ ಅರೆಬರಿದಾದ ಅವಸ್ಥೆಯಿಂದ ಮುಂದಿನ ಪ್ರಯಾಣಕ್ಕೆ ಸಾಕಾಗುವ ಮಟ್ಟಕ್ಕೆ ತುಂಬುವವರೆಗೆ ಹಿಡಿಯುವ ಅವಧಿಯನ್ನು ಚಾರ್ಜಿಂಗ್ ಕಾಲವೆಂದು ಕರೆಯುವರು. ಇದು ಆಯಾ ವಾಹನಕ್ಕೆ ಹುಟ್ಟಿನಿಂದ ಬಂದ ಗುಣವೆಂಬ ಭಾವನೆ ಲೋಕರೂಢಿಯಲ್ಲಿದೆ. ಆದರೆ ಒಂದೇ ಕಾರ್ಖಾನೆಯಿಂದ ಒಂದೇ ದಿನ ಹೊರಬಿದ್ದ ಎರಡು ವಾಹನಗಳಲ್ಲಿ ಒಂದು ಹೊಸಪೇಟೆಯ ಮನೆಯಂಗಳದಲ್ಲಿ ಹನ್ನೆರಡು ಗಂಟೆ ನಿಂತು ಪಡೆದ ವಿದ್ಯುತ್ತಿನ ಬಹುಭಾಗವನ್ನು ಇನ್ನೊಂದು ಹೆದ್ದಾರಿಯ ಹೋಟೆಲಿನ ಮುಂದೆ ಮುಕ್ಕಾಲು ಗಂಟೆಯಲ್ಲಿ ತುಂಬಿಕೊಂಡು ಹೊರಡುವುದನ್ನು ಕಂಡವರಿಗೆ, ಈ ಕಾಲವು ವಾಹನದಲ್ಲಿ ಎಷ್ಟು ನೆಲೆಸಿದೆಯೋ ಅದಕ್ಕಿಂತ ಹೆಚ್ಚಾಗಿ ಅದು ನಿಂತ ಸ್ಥಳದಲ್ಲಿ ನೆಲೆಸಿದೆಯೆಂಬುದು ಸ್ಪಷ್ಟವಾಗುವುದು. ಆದುದರಿಂದ ಇಂಥ ವಾಹನ ಎಷ್ಟು ಹೊತ್ತಿನಲ್ಲಿ ಚಾರ್ಜ್ ಆಗುವುದೆಂಬ ಪ್ರಶ್ನೆಗೆ ಉತ್ತರ ಹೇಳಹೊರಟವನು ಯಾವ ಊರಿನಲ್ಲಿ, ಯಾವ ಲೈನಿನಲ್ಲಿ, ಯಾವ ಪ್ರಯಾಣಕ್ಕಾಗಿ ಎಂದು ಮರುಪ್ರಶ್ನೆ ಹಾಕದೆ ಗತ್ಯಂತರವಿಲ್ಲ.

ಪ್ರಸ್ತುತ ಲೇಖನದ ವ್ಯಾಪ್ತಿಗೆ ಒಳಪಟ್ಟ ಸೀಮೆಯು ತುಂಗಭದ್ರೆಯ ಬಲದಂಡೆಗೂ ಸಂಡೂರಿನ ಅದಿರುಬೆಟ್ಟಗಳಿಗೂ ನಡುವೆ ಹರಡಿದ್ದು, 2021ರಲ್ಲಿ ವಿಜಯನಗರ ಜಿಲ್ಲೆ ರಚಿತವಾದ ತರುವಾಯ ಹೊಸಪೇಟೆಯೂ ಹಂಪಿಯೂ ಆ ಜಿಲ್ಲೆಗೆ ಸೇರಿದುವು. ಸಂಡೂರು, ಕಂಪ್ಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದುವು. ಆಡಳಿತದ ಈ ಗೆರೆಯು ವಿದ್ಯುತ್ ತಂತಿಗೆ ಅನ್ವಯಿಸದು. ನಾಲ್ಕೂ ಊರುಗಳಿಗೆ ವಿದ್ಯುತ್ತನ್ನು ವಿತರಿಸುವುದು ಕಲಬುರಗಿಯಲ್ಲಿ ಕೇಂದ್ರಸ್ಥಾನವುಳ್ಳ ಜೆಸ್ಕಾಂ. ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರ್, ಸಂಡೂರಿಗೆ ಸುಮಾರು 30, ಕಂಪ್ಲಿಗೆ ಸುಮಾರು 33. ಮುಂದೆ ಬರುವ ಗಣಿತವೆಲ್ಲವೂ ಈ ಅಲ್ಪದೂರಗಳ ಮೇಲೆಯೇ ನಿಂತಿರುವುದು.

ಶಕ್ತಿಯ ಲೆಕ್ಕ

ಬ್ಯಾಟರಿಯ ಗಾತ್ರವನ್ನು ಕಿಲೋವಾಟ್-ಗಂಟೆಯಲ್ಲಿ ಅಳೆಯುವರು. ಮನೆಯ ಮೀಟರಿನಲ್ಲಿ ನಾವು ಯೂನಿಟ್ ಎಂದು ಕರೆಯುವುದೂ ಇದನ್ನೇ. ಅದಕ್ಕೆ ಶಕ್ತಿಯನ್ನು ಊಡುವ ವೇಗದ ಅಳತೆ ಕಿಲೋವಾಟ್. ಬೇಕಾದ ಯೂನಿಟ್ಟುಗಳನ್ನು ಊಡುವ ಕಿಲೋವಾಟಿನಿಂದ ಭಾಗಿಸಿದರೆ ಗಂಟೆಗಳು ದೊರೆಯುವುವು. ಗಣಿತ ಇಷ್ಟು ಸುಲಭವಾಗಿದ್ದರೂ ಭಾಜಕವಾಗಿ ಯಾವ ಸಂಖ್ಯೆಯನ್ನು ಹಿಡಿಯಬೇಕೆಂಬಲ್ಲಿ ಜನ ಎಡವುವರು. ವಿಜಯನಗರದ ಅರಸರ ಕಾಲದಿಂದ ಇಂದಿನವರೆಗೆ ಈ ಸೀಮೆಯ ಗದ್ದೆಗಳಿಗೆ ನೀರುಣಿಸುತ್ತಿರುವ ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ ಕಾಲುವೆಗಳ ಬಯಲಿನಲ್ಲಿ ಬೇಸಾಯ ಮಾಡುವವನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ: ಗದ್ದೆಗೆ ನೀರು ಕಟ್ಟಲು ಹಿಡಿಯುವ ಹೊತ್ತನ್ನು ನಿರ್ಣಯಿಸುವುದು ಮೂಲ ಕಾಲುವೆಯ ಅಗಲವೋ, ತೂಬಿನ ಬಾಯಿಯೋ, ಕೈಗಾಲುವೆಯೋ, ಅಥವಾ ನೀರನ್ನು ಹೀರುವ ಮಣ್ಣೋ ಎಂದರೆ, ಇವುಗಳಲ್ಲಿ ಯಾವುದು ಅತ್ಯಂತ ಇಕ್ಕಟ್ಟಾಗಿದೆಯೋ ಅದು. ವಿದ್ಯುದ್ವಾಹನದ ವಿಷಯದಲ್ಲಿ ಬೀದಿಯ ಲೈನು, ಗೋಡೆಯ ಪಾಯಿಂಟ್, ವಾಹನದೊಳಗೆ ಕೂಡಿಸಿರುವ ಚಾರ್ಜರ್, ಕಟ್ಟಕಡೆಗೆ ಬ್ಯಾಟರಿ, ಈ ನಾಲ್ಕರಲ್ಲಿ ಅತಿ ದುರ್ಬಲವಾದುದೇ ಭಾಜಕ. ಮನೆಗೆ 11 ಕಿಲೋವಾಟಿನ ಚಾರ್ಜರನ್ನು ಹೆಚ್ಚು ಹಣ ತೆತ್ತು ಹಾಕಿಸಿಕೊಂಡು, ವಾಹನದೊಳಗಿನ ಚಾರ್ಜರಿನ ಮಿತಿ 7.2 ಕಿಲೋವಾಟೇ ಆಗಿದ್ದುದರಿಂದ ಎಳ್ಳಷ್ಟೂ ಬೇಗ ತುಂಬಲಿಲ್ಲವೆಂದು ವ್ಯಥೆಪಡುವವರು ಈ ನಿಯಮವನ್ನು ಮರೆತವರು.

ಮನೆಯಿಂದ ಬರುವುದು ಪರ್ಯಾಯ ವಿದ್ಯುತ್ತು, ಎಂದರೆ ಎ.ಸಿ. ಬ್ಯಾಟರಿ ಸ್ವೀಕರಿಸುವುದು ಏಕಮುಖ ವಿದ್ಯುತ್ತನ್ನು, ಎಂದರೆ ಡಿ.ಸಿ.ಯನ್ನು. ಎ.ಸಿ.ಯನ್ನು ಡಿ.ಸಿ.ಯಾಗಿಸುವ ಕಾರ್ಯವನ್ನು ಮನೆಯಲ್ಲಿ ವಾಹನದೊಳಗಿನ ಚಾರ್ಜರೇ ನಿರ್ವಹಿಸುವುದು. ಹೆದ್ದಾರಿಯ ಫಾಸ್ಟ್ ಚಾರ್ಜರು ಈ ಪರಿವರ್ತನೆಯನ್ನು ತನ್ನ ಬೃಹತ್ತಾದ ಪೆಟ್ಟಿಗೆಯೊಳಗೆ ಮಾಡಿ, ದಪ್ಪನೆಯ ಗನ್ನಿನ ಮೂಲಕ ನೇರವಾಗಿ ಬ್ಯಾಟರಿಗೆ ಉಣಿಸುವುದರಿಂದ ಅದರ ವೇಗ ಹತ್ತಿಪ್ಪತ್ತು ಪಟ್ಟು ಅಧಿಕ. ಪರಿವರ್ತನೆಯಲ್ಲಿ ನಷ್ಟವೂ ಉಂಟು. ಮನೆಯ ಮೀಟರು ದಾಖಲಿಸಿದ ನೂರು ಯೂನಿಟ್ಟಿನಲ್ಲಿ ಸುಮಾರು ತೊಂಬತ್ತು ಮಾತ್ರ ಬ್ಯಾಟರಿಯನ್ನು ಸೇರುವುದೆಂದು ಹಿಡಿದರೆ ಹೆಚ್ಚು ತಪ್ಪಾಗದು.

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಎಂಬ ಪುಟ್ಟ ಕಾರು ಸೀಸ-ಆಮ್ಲದ ಬ್ಯಾಟರಿಯನ್ನು ಹೊತ್ತು, ಮನೆಯ 15 ಆಂಪ್ ಪಾಯಿಂಟಿನಿಂದಲೇ ಸುಮಾರು ಎಂಟು ಗಂಟೆಯಲ್ಲಿ ತುಂಬಿಕೊಳ್ಳುತ್ತಿದ್ದಿತು. ರಾಜ್ಯಸರ್ಕಾರವು 2017ರಲ್ಲಿ ವಿದ್ಯುದ್ವಾಹನ ನೀತಿಯನ್ನು ಪ್ರಕಟಿಸಿ ಈ ವಿಷಯದಲ್ಲಿ ದೇಶಕ್ಕೆ ಮೊದಲಿಗನಾಯಿತು. ಎಸ್‌ಯುವಿಯ ಆಕಾರದಲ್ಲಿ ವಿದ್ಯುದ್ವಾಹನ ಭಾರತದಲ್ಲಿ ಕಾಣಿಸಿಕೊಂಡದ್ದು 2019ರಲ್ಲಿ, 39.2 ಯೂನಿಟ್ ಬ್ಯಾಟರಿಯ ಹ್ಯುಂಡೈ ಕೋನಾದೊಡನೆ. 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ಇ.ವಿ. 30.2 ಯೂನಿಟ್ಟಿನದು, ಅದೇ ಹೆಸರಿನ ಈಚಿನ ಮಾದರಿ 45 ಯೂನಿಟ್ಟಿನದು. 2024ರ ನವೆಂಬರಿನಲ್ಲಿ ಮಹೀಂದ್ರ ಪ್ರಕಟಿಸಿದ ಬಿ.ಇ. 6 ಮತ್ತು ಎಕ್ಸ್.ಇ.ವಿ. 9ಇ ಮಾದರಿಗಳ ದೊಡ್ಡ ಬ್ಯಾಟರಿ 79 ಯೂನಿಟ್ಟಿನದು. ಐದು ವರ್ಷಗಳಲ್ಲಿ ಬ್ಯಾಟರಿ ಇಮ್ಮಡಿಯಾಗಿದೆ; ಮನೆಯ ಗೋಡೆಯ ಪಾಯಿಂಟ್ ಮಾತ್ರ ರೇವಾ ಕಾಲದಲ್ಲಿ ಇದ್ದಂತೆಯೇ ಇದೆ.

ಮನೆಯಲ್ಲಿ

ನಮ್ಮ ಮನೆಗಳ ಸಿಂಗಲ್ ಫೇಸ್ ವಿದ್ಯುತ್ತು 230 ವೋಲ್ಟಿನದು. ಗೀಸರಿಗಾಗಿ ಹಾಕಿಸಿರುವ ಮೂರು ಕಡ್ಡಿಯ ದೊಡ್ಡ ಪಾಯಿಂಟಿನಿಂದ ವಾಹನವು ಗಂಟೆಗೆ ಸುಮಾರು 3.3 ಯೂನಿಟ್ಟನ್ನು ಎಳೆದುಕೊಳ್ಳಬಲ್ಲುದು. 45 ಯೂನಿಟ್ಟಿನ ಬ್ಯಾಟರಿ ಐದನೆಯ ಒಂದು ಭಾಗಕ್ಕೆ ಇಳಿದಿದೆಯೆನ್ನೋಣ. ಅದು ಪೂರ್ಣವಾಗಲು 36 ಯೂನಿಟ್ ಬೇಕು, ನಷ್ಟವನ್ನು ಕೂಡಿಸಿದರೆ ಮೀಟರಿನಿಂದ 40 ಯೂನಿಟ್ ಹೊರಡಬೇಕು, ಎಂದರೆ 12 ಗಂಟೆ. ಅದೇ ವಾಹನಕ್ಕೆ 32 ಆಂಪಿನ, 7.2 ಕಿಲೋವಾಟಿನ ಗೋಡೆಚಾರ್ಜರನ್ನು ಹಾಕಿಸಿದ್ದಾದರೆ ಐದೂವರೆ ಗಂಟೆ. 79 ಯೂನಿಟ್ಟಿನ ದೊಡ್ಡ ವಾಹನವಾದರೆ ಮೊದಲನೆಯ ರೀತಿಯಲ್ಲಿ 21 ಗಂಟೆಯೂ ಎರಡನೆಯದರಲ್ಲಿ ಸುಮಾರು 10 ಗಂಟೆಯೂ, ತ್ರೀ ಫೇಸ್ ಸಂಪರ್ಕವಿದ್ದು ವಾಹನವೂ ಅದನ್ನು ಸ್ವೀಕರಿಸುವಂತಿದ್ದರೆ 11 ಕಿಲೋವಾಟಿನಲ್ಲಿ ಆರೂವರೆ ಗಂಟೆಯೂ ಹಿಡಿಯುವುದು. ವಾಹನದೊಡನೆ ಕೊಡುವ ಒಯ್ಯಬಹುದಾದ ಕೇಬಲ್ಲು ಕೆಲವೊಮ್ಮೆ 10 ಆಂಪಿಗೆ ಮಿತಿಗೊಂಡಿರುವುದುಂಟು. ಆಗ ಗಂಟೆಗೆ 2.3 ಯೂನಿಟ್ ಮಾತ್ರ ಸಾಗುವುದರಿಂದ ಮೇಲಿನ 12 ಗಂಟೆ 17 ಆಗಿ ಬೆಳೆಯುವುದು.

ಗೀಸರಿನ ಪಾಯಿಂಟ್ ಸಾಕೆಂದ ಮಾತ್ರಕ್ಕೆ ಗೀಸರೂ ವಾಹನವೂ ಒಂದೇ ಎಂದು ತಿಳಿಯಲಾಗದು. ಗೀಸರು ಕಾಲುಗಂಟೆ ಉರಿದು ತಾನಾಗಿ ಆರಿ ತಂತಿಗೆ ವಿಶ್ರಾಂತಿ ಕೊಡುವುದು. ವಾಹನವು ಸಂಜೆಯಿಂದ ಬೆಳಗಿನವರೆಗೆ ಎಡೆಬಿಡದೆ ಅದೇ ಪ್ರಮಾಣದ ಕರೆಂಟನ್ನು ಎಳೆಯುವುದು. ತಂತಿಯು ಬಿಸಿಯಾಗುವುದು ಕರೆಂಟಿನ ವರ್ಗಕ್ಕೆ ಅನುಗುಣವಾಗಿ. ಸಡಿಲವಾದ ಒಂದು ಸ್ಕ್ರೂ ಕಾಲುಗಂಟೆಯಲ್ಲಿ ತೋರಗೊಡದ ದೋಷವನ್ನು ಎಂಟನೆಯ ಗಂಟೆಯಲ್ಲಿ ಪಾಯಿಂಟಿನ ಪ್ಲಾಸ್ಟಿಕ್ಕನ್ನು ಕರಗಿಸಿ ತೋರಿಸೀತು. ಆದುದರಿಂದ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕವಾದ ದಪ್ಪ ತಾಮ್ರದ ತಂತಿಯನ್ನು ಎಳೆದು, ಅದಕ್ಕೆ ತನ್ನದೇ ಎಂ.ಸಿ.ಬಿ.ಯನ್ನೂ, 30 ಮಿಲಿ ಆಂಪಿನಷ್ಟು ಸೋರಿಕೆಗೇ ತುಂಡರಿಸುವ ಆರ್.ಸಿ.ಸಿ.ಬಿ.ಯನ್ನೂ ಅಳವಡಿಸತಕ್ಕದ್ದು. ಕಿಟಕಿಯಿಂದ ಹೊರಗೆ ಎಕ್ಸ್‌ಟೆನ್ಷನ್ ಬೋರ್ಡನ್ನು ಎಸೆದು ಚಾರ್ಜಿಗೆ ಇಡುವ ಪದ್ಧತಿಯನ್ನು ನಿರ್ದಾಕ್ಷಿಣ್ಯವಾಗಿ ತ್ಯಜಿಸಬೇಕು.

ಈ ಸೀಮೆಯಲ್ಲಿ ಮನೆಯ ಚಾರ್ಜಿಂಗಿಗೆ ಬರುವ ಮುಖ್ಯ ವಿಘ್ನವು ತಂತಿಯಲ್ಲಿಲ್ಲ, ನೆಲದಲ್ಲಿದೆ. ವಿದ್ಯುದ್ವಾಹನವು ಚಾರ್ಜಿಂಗನ್ನು ಆರಂಭಿಸುವ ಮುನ್ನ ಭೂಸಂಪರ್ಕ ಸರಿಯಾಗಿದೆಯೇ ಎಂದು ತಾನೇ ಪರೀಕ್ಷಿಸಿಕೊಳ್ಳುವುದು. ಅರ್ಥಿಂಗ್ ದೋಷವಿದ್ದರೆ ಕೆಂಪು ದೀಪ ತೋರಿ ಸುಮ್ಮನಾಗುವುದು. ಫ್ಯಾನು, ಫ್ರಿಜ್ಜು, ಮಿಕ್ಸಿಗಳು ಅರ್ಥಿಂಗ್ ಇರಲಿ ಬಿಡಲಿ ಓಡುವ ಕಾರಣ ಎಷ್ಟೋ ಮನೆಗಳಲ್ಲಿ ಅದು ಹೆಸರಿಗೆ ಮಾತ್ರ ಇರುವುದೆಂಬ ಸಂಗತಿ ವಾಹನ ಬಂದ ಮೇಲೆಯೇ ಯಜಮಾನರಿಗೆ ತಿಳಿಯುವುದು. ಹಂಪಿ, ಕಮಲಾಪುರ, ಬುಕ್ಕಸಾಗರಗಳ ಸುತ್ತಿನ ನೆಲ ಕಗ್ಗಲ್ಲಿನದು. ಒಂದೆರಡು ಅಡಿ ಅಗೆದರೆ ಬಂಡೆ. ಒಣಗಿದ ಶಿಲೆಯು ವಿದ್ಯುತ್ತಿಗೆ ದಾರಿ ಕೊಡದು. ಇಂಥಲ್ಲಿ ಮಣ್ಣು ಆಳವಾಗಿರುವ ಜಾಗವನ್ನು ಅರಸಿ, ಬಚ್ಚಲನೀರು ಹರಿಯುವ ಕಡೆಯಾದರೆ ಇನ್ನೂ ಲೇಸು, ಗುಂಡಿ ತೋಡಿ, ಇದ್ದಿಲು ಉಪ್ಪುಗಳನ್ನು ಪದರಪದರವಾಗಿ ತುಂಬಿ, ನಡುವೆ ತಗಡನ್ನೋ ಕೊಳವೆಯನ್ನೋ ಹೂತು, ಏಪ್ರಿಲ್ ಮೇ ತಿಂಗಳುಗಳಲ್ಲಿ ಆಗಾಗ ನೀರೆರೆಯುವುದು ಎಲೆಕ್ಟ್ರಿಷಿಯನ್ನರು ಅನುಸರಿಸುತ್ತಿರುವ ಹಳೆಯ ಕ್ರಮ. ಇದಕ್ಕೆ ಬದಲಾಗಿ ರಾಸಾಯನಿಕ ತುಂಬಿದ ಸಿದ್ಧ ಅರ್ಥಿಂಗ್ ಕೊಳವೆಗಳೂ ದೊರೆಯುವುವು. ಮಳೆಗಾಲದಲ್ಲಿ ನಿರಾತಂಕವಾಗಿ ತುಂಬುತ್ತಿದ್ದ ವಾಹನ ಬೇಸಗೆಯಲ್ಲಿ ಹಠಹಿಡಿದರೆ ಶೋರೂಮಿಗೆ ಓಡುವ ಮುನ್ನ ಗುಂಡಿಗೆ ಎರಡು ಕೊಡ ನೀರು ಹೊಯ್ದು ನೋಡುವುದು ವಿವೇಕ. ಲಾಡ್ಜುಗಳ ಡೀಸೆಲ್ ಜನರೇಟರಿನಲ್ಲಿ ವಾಹನ ಅನೇಕವೇಳೆ ಚಾರ್ಜ್ ಆಗದಿರುವುದಕ್ಕೂ ಅರ್ಥಿಂಗೇ ಕಾರಣ. ಜನರೇಟರಿನ ನ್ಯೂಟ್ರಲ್ಲನ್ನು ಭೂಮಿಗೆ ಕೂಡಿಸಿರುವುದಿಲ್ಲ.

ವೋಲ್ಟೇಜು ಕುಸಿದರೆ ಕಾಲ ಬೆಳೆಯುವುದು. ಚಾರ್ಜರು ಕರೆಂಟಿಗೆ ಮಿತಿಯಿಟ್ಟುಕೊಂಡು ಕೆಲಸಮಾಡುವ ಯಂತ್ರ. 230 ವೋಲ್ಟಿನಲ್ಲಿ 15 ಆಂಪ್ ಎಳೆದಾಗ ದೊರೆಯುವುದು 3,450 ವಾಟ್, ಲೈನಿನ ಕೊನೆಯಂಚಿನ ಹಳ್ಳಿಯಲ್ಲಿ ಸಂಜೆ 190 ವೋಲ್ಟ್ ಬರುತ್ತಿದ್ದರೆ ಅದೇ 15 ಆಂಪಿನಲ್ಲಿ 2,850 ವಾಟ್ ಮಾತ್ರ. ರಾತ್ರಿ ಹನ್ನೊಂದರ ಮೇಲೆ, ಬೀದಿಯ ಟಿ.ವಿ.ಗಳೂ ದೀಪಗಳೂ ಆರಿದ ಬಳಿಕ ಆರಂಭವಾಗುವಂತೆ ವಾಹನಕ್ಕೆ ಸಮಯ ಗೊತ್ತುಪಡಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುವುದು. ಕಂಪ್ಲಿಯ ಸುತ್ತ ಭತ್ತ, ಕಬ್ಬು, ಬಾಳೆಯ ತೋಟದ ಮನೆಗಳಲ್ಲಿ ವಾಸಿಸುವವರಿಗೆ ಇನ್ನೊಂದು ವಿಚಾರವಿದೆ. ಪಂಪ್‌ಸೆಟ್ಟಿನ ಲೈನಿನಲ್ಲಿ ತ್ರೀ ಫೇಸ್ ವಿದ್ಯುತ್ತು ದಿನಕ್ಕೆ ಏಳು ಗಂಟೆಯೆಂಬುದು ಸರ್ಕಾರದ ನಿಯಮ. ಆ ಏಳು ಗಂಟೆ ಯಾವ ಹೊತ್ತಿಗೆ ಬರುವುದೆಂಬುದು ಸರದಿಯ ಮೇಲೆ ಹೋಗುವುದು. ನಿರಂತರ ಜ್ಯೋತಿ ಯೋಜನೆಯಲ್ಲಿ ಪ್ರತ್ಯೇಕಿಸಿದ ಮನೆಬಳಕೆಯ ಲೈನು ತೋಟದ ಮನೆಯವರೆಗೆ ಬಂದಿದ್ದರೆ ಚಿಂತೆಯಿಲ್ಲ. ಬಂದಿಲ್ಲವಾದರೆ, ಕಾಗದದ ಮೇಲೆ 12 ಗಂಟೆಯ ಚಾರ್ಜಿಂಗ್ ಎರಡು ದಿನಗಳಿಗೆ ಹಂಚಿಹೋಗುವುದು. ಅಲ್ಲದೆ ನೀರಾವರಿಗೆಂದು ಕೊಟ್ಟ ಸಂಪರ್ಕವನ್ನು ಕಾರಿಗೆ ತಿರುಗಿಸುವುದು ನಿಯಮಕ್ಕೆ ವಿರುದ್ಧ.

ವೆಚ್ಚದ ವಿಷಯವನ್ನು ಪ್ರಾಸಂಗಿಕವಾಗಿ ಹೇಳಬಹುದು. ಮನೆಯಲ್ಲಿ ವಾಹನಕ್ಕೆ ಬಳಸಿದ ವಿದ್ಯುತ್ತಿಗೆ ಮನೆಬಳಕೆಯ ದರವೇ ಅನ್ವಯಿಸುವುದು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಎಸ್‌ಯುವಿಯು ಯೂನಿಟ್ಟಿಗೆ ಆರೂವರೆ ಕಿಲೋಮೀಟರಿನಂತೆ, ನಷ್ಟವೂ ಸೇರಿ, ಸುಮಾರು 170 ಯೂನಿಟ್ ನುಂಗುವುದು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಎಂಬ ಉಚಿತ ವಿದ್ಯುತ್ ಯೋಜನೆಯ ಗರಿಷ್ಠ ಮಿತಿ 200 ಯೂನಿಟ್. ಅದನ್ನು ದಾಟಿದ ಮನೆ ಬಿಲ್ಲನ್ನು ಪೂರ್ಣವಾಗಿ ತೆರಬೇಕು. ಎಂದಮೇಲೆ 70 ಯೂನಿಟ್ಟಿನಲ್ಲಿ ಸುಖವಾಗಿದ್ದ ಕುಟುಂಬವು ವಾಹನ ಕೊಂಡ ತಿಂಗಳೇ ಉಚಿತ ವಿದ್ಯುತ್ತಿನಿಂದ ಹೊರಬೀಳುವುದು. ಪೆಟ್ರೋಲಿನ ಉಳಿತಾಯದ ಮುಂದೆ ಇದು ದೊಡ್ಡ ನಷ್ಟವೇನಲ್ಲವಾದರೂ, ಇದನ್ನು ಮೊದಲೇ ತಿಳಿದಿದ್ದರೆ ಮೊದಲ ಬಿಲ್ಲನ್ನು ಕಂಡು ಲೈನ್‌ಮ್ಯಾನಿನೊಡನೆ ಜಗಳಕ್ಕೆ ಹೋಗುವುದು ತಪ್ಪೀತು.

ನಾಲ್ಕು ಊರುಗಳ ನಿತ್ಯ ಸಂಚಾರ

ಮೇಲೆ ಹೇಳಿದ 12 ಗಂಟೆಯನ್ನು ಕೇಳಿ ಬೆದರುವವರು, ಬ್ಯಾಟರಿಯನ್ನು ದಿನದಿನವೂ ತಳದಿಂದ ತುಂಬಬೇಕೆಂದು ಊಹಿಸಿಕೊಂಡಿರುವರು. ಹೊಸಪೇಟೆಯಿಂದ ಹಂಪಿಗೆ ಹೋಗಿಬರುವ 26 ಕಿಲೋಮೀಟರಿಗೆ ಬ್ಯಾಟರಿಯಿಂದ ವ್ಯಯವಾಗುವುದು 4 ಯೂನಿಟ್. 15 ಆಂಪ್ ಪಾಯಿಂಟಿನಲ್ಲಿ ಅದನ್ನು ಮರಳಿ ತುಂಬಲು ಒಂದು ಗಂಟೆ ಇಪ್ಪತ್ತು ನಿಮಿಷ ಸಾಕು. ಕಂಪ್ಲಿಗೆ ಹೋಗಿಬಂದುದನ್ನು ತುಂಬಲು ಸುಮಾರು ಮೂರೂವರೆ ಗಂಟೆ, ಸಂಡೂರಿಗೆ ಮೂರು ಗಂಟೆ. ಮೂರು ಊರುಗಳಿಗೂ ಒಂದೇ ದಿನ ಪ್ರತ್ಯೇಕವಾಗಿ ಹೋಗಿಬಂದರೂ 152 ಕಿಲೋಮೀಟರ್; ಎಂಟು ಗಂಟೆಯ ಚಾರ್ಜಿಂಗಿನಲ್ಲಿ, ಎಂದರೆ ಒಂದು ರಾತ್ರಿಯ ನಿದ್ರೆಯಲ್ಲಿ, ಅದು ಪರಿಹಾರವಾಗುವುದು. ಈ ಸೀಮೆಯೊಳಗೇ ಸಂಚರಿಸುವವನಿಗೆ ಗೋಡೆಚಾರ್ಜರು ಅನುಕೂಲವೇ ಹೊರತು ಆವಶ್ಯಕವಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಅದರ ಹಣವನ್ನು ಒಳ್ಳೆಯ ಅರ್ಥಿಂಗಿಗೂ ತಂತಿಗೂ ಹಾಕಿದರೆ ಫಲ ಅಧಿಕ.

ಸಂಡೂರಿನ ದಾರಿಗೆ ವಿಶೇಷವೊಂದಿದೆ. ಸುತ್ತಲೂ ಬೆಟ್ಟಗಳಿಂದ ಆವೃತವಾದ ಕಣಿವೆ ಅದು. ಕುಮಾರಸ್ವಾಮಿಯ ದೇವಾಲಯಕ್ಕಾಗಲಿ ದೋಣಿಮಲೈಯ ಗಣಿಗಾಗಲಿ ಹೋಗುವವರು ಇನ್ನೂ ಮೇಲೇರಬೇಕು. ಜನರೂ ಸೇರಿ 1,800 ಕಿಲೋಗ್ರಾಂ ತೂಗುವ ವಾಹನವನ್ನು ಲಂಬವಾಗಿ 100 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು ಅರ್ಧ ಯೂನಿಟ್ ಬೇಕು. 400 ಮೀಟರ್ ಏರಿದರೆ ಸಾಮಾನ್ಯ ಓಟದ ವೆಚ್ಚದ ಮೇಲೆ ಎರಡು ಯೂನಿಟ್ ಅಧಿಕ. ಪೆಟ್ರೋಲ್ ಗಾಡಿಯಲ್ಲಿ ಏರಿಕೆಗೆ ಸುಟ್ಟದ್ದು ಸುಟ್ಟಂತೆಯೇ. ವಿದ್ಯುದ್ವಾಹನವಾದರೋ ಇಳಿಜಾರಿನಲ್ಲಿ ತನ್ನ ಮೋಟಾರನ್ನೇ ಜನರೇಟರಾಗಿ ಮಾಡಿಕೊಂಡು ಆ ವ್ಯಯದ ಗಣನೀಯ ಭಾಗವನ್ನು ಬ್ಯಾಟರಿಗೆ ಹಿಂದಿರುಗಿಸುವುದು. ಬ್ರೇಕಿನ ಸವೆತವೂ ತಗ್ಗುವುದು. ಆದರೆ ಇದಕ್ಕೆ ಬ್ಯಾಟರಿಯಲ್ಲಿ ಸ್ಥಳವಿರಬೇಕು. ಬೆಟ್ಟದ ಮೇಲಿನ ಮನೆಯಲ್ಲಿ ರಾತ್ರಿಯಿಡೀ ಚಾರ್ಜಿಗಿಟ್ಟು ಶೇಕಡ ನೂರು ಮಾಡಿಕೊಂಡು ಬೆಳಗ್ಗೆ ಇಳಿಯತೊಡಗಿದರೆ ಹಿಂದಿರುಗಿದ ವಿದ್ಯುತ್ತಿಗೆ ಎಡೆಯಿಲ್ಲ. ಶೇಕಡ 90ಕ್ಕೆ ನಿಲ್ಲಿಸಿದವನೇ ಜಾಣ. ಅದಿರು ಲಾರಿಗಳ ಹಿಂದೆ ತೆವಳುವ ಸಂಡೂರು ರಸ್ತೆಯ ಮಂದಗತಿಯಿಂದ ಚಾಲಕನಿಗೆ ಬೇಸರವೇ ಆದರೂ ಬ್ಯಾಟರಿಗೆ ಹಿತ. ಆ ಲಾರಿಗಳು ಎಬ್ಬಿಸುವ ಕೆಂಧೂಳು ಚಾರ್ಜಿಂಗ್ ಗನ್ನಿನ ಕಡ್ಡಿಗಳ ಮೇಲೆ ಕೂಡದಂತೆ ಮುಚ್ಚಳವನ್ನು ಹಾಕಿಡುವುದು ಅಲ್ಲಿನವರಿಗೆ ಅಭ್ಯಾಸವಾಗಬೇಕು.

ಕಂಪ್ಲಿಯ ದಾರಿ ಸಮತಟ್ಟಾದುದು, ಮಳೆಗಾಲವೊಂದನ್ನು ಬಿಟ್ಟರೆ ಹೇಳತಕ್ಕದ್ದು ಹೆಚ್ಚಿಲ್ಲ. ಅಣೆಕಟ್ಟಿನಿಂದ ನದಿಗೆ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ಕಂಪ್ಲಿ-ಗಂಗಾವತಿ ಸೇತುವೆ ಮುಳುಗಿ ಸಂಚಾರ ನಿಲ್ಲುವುದರಿಂದ, ಗಂಗಾವತಿಗೆ ಹೋಗಬೇಕಾದವರು ಬುಕ್ಕಸಾಗರ-ಕಡೇಬಾಗಿಲು ಸೇತುವೆಯನ್ನು ಬಳಸಿ ಸುತ್ತುವರು. ಜುಲೈ ಆಗಸ್ಟಿನಲ್ಲಿ ಆ ಸುತ್ತಿಗೆ ಸಾಕಾಗುವಷ್ಟನ್ನು ಬ್ಯಾಟರಿಯಲ್ಲಿ ಉಳಿಸಿಕೊಂಡಿರುವುದು ಒಳಿತು.

ದೂರಪ್ರಯಾಣ

ಕಾಲದ ಪ್ರಶ್ನೆ ನಿಜವಾಗಿ ಕಾಡತೊಡಗುವುದು ಹೊಸಪೇಟೆಯನ್ನು ಬಿಟ್ಟು ನೂರಿನ್ನೂರು ಕಿಲೋಮೀಟರ್ ಹೋದ ಮೇಲೆ. ಮನೆಯಲ್ಲಿ ವಾಹನವು ನಿಂತಿರುವಾಗ ಯಜಮಾನನು ಉಣ್ಣುತ್ತಲೋ ಮಲಗುತ್ತಲೋ ಇರುವನು. ದಾರಿಯಲ್ಲಾದರೆ ವಾಹನ ನಿಂತಷ್ಟು ಹೊತ್ತೂ ಅವನೂ ನಿಂತಿರಬೇಕು. ಇಲ್ಲಿ ನೆರವಿಗೆ ಬರುವುದು ಡಿ.ಸಿ. ಫಾಸ್ಟ್ ಚಾರ್ಜರು. ಸರ್ಕಾರವು ಆರಂಭದಲ್ಲಿ ಪುರಸ್ಕರಿಸಿದ 15 ಕಿಲೋವಾಟಿನ ಯಂತ್ರಗಳು ಇಂದಿನ ಎಸ್‌ಯುವಿಗಳಿಗೆ ಪ್ರಯೋಜನಕ್ಕೆ ಬಾರವು. ಈಗ ರೂಢಿಯಲ್ಲಿರುವುವು ಸಿ.ಸಿ.ಎಸ್.-2 ಎಂಬ ಮಾದರಿಯ ಗನ್ನುಳ್ಳ 30, 60, 120 ಕಿಲೋವಾಟಿನವು. ಹೆದ್ದಾರಿಯ ಎರಡೂ ಬದಿಯಲ್ಲಿ 25 ಕಿಲೋಮೀಟರಿಗೊಂದು ನಿಲ್ದಾಣವಿರಬೇಕೆಂದು ಕೇಂದ್ರ ಇಂಧನ ಸಚಿವಾಲಯವು 2018ರಲ್ಲಿಯೇ ಮಾರ್ಗಸೂಚಿ ಹೊರಡಿಸಿತು. ಚಾರ್ಜಿಂಗ್ ನಿಲ್ದಾಣ ನಡೆಸಲು ವಿದ್ಯುತ್ ಮಾರಾಟದ ಲೈಸೆನ್ಸು ಬೇಕಿಲ್ಲವೆಂದೂ ಅದೇ ವರ್ಷ ಸ್ಪಷ್ಟಪಡಿಸಿದ್ದರಿಂದ ಹೋಟೆಲಿನವರಿಗೂ ಪೆಟ್ರೋಲ್ ಬಂಕಿನವರಿಗೂ ಈ ವ್ಯವಹಾರಕ್ಕೆ ಇಳಿಯುವುದು ಸುಲಭವಾಯಿತು.

ಫಾಸ್ಟ್ ಚಾರ್ಜರಿನ ವೇಗ ಆದ್ಯಂತವಾಗಿ ಒಂದೇ ಸಮನಾಗಿರದು. ಬ್ಯಾಟರಿ ಖಾಲಿಯಿದ್ದಾಗ ಅದು ಧಾರಾಳವಾಗಿ ಸ್ವೀಕರಿಸುವುದು. ತುಂಬುತ್ತ ಬಂದಂತೆ ಕೋಶಗಳ ವೋಲ್ಟೇಜು ಮಿತಿಯನ್ನು ಮುಟ್ಟುವುದರಿಂದ ವಾಹನವೇ ಕರೆಂಟನ್ನು ತಗ್ಗಿಸಿಕೊಳ್ಳುವುದು. ತಯಾರಕರು ತಮ್ಮ ಪ್ರಕಟಣೆಗಳಲ್ಲಿ ಶೇಕಡ 10ರಿಂದ 80ರವರೆಗಿನ ಕಾಲವನ್ನೇ ಕೊಡುವ ಗುಟ್ಟು ಇದು. 51.4 ಯೂನಿಟ್ಟಿನ ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್ಕಿಗೆ 50 ಕಿಲೋವಾಟಿನ ಚಾರ್ಜರಿನಲ್ಲಿ ಈ ಅವಧಿ 58 ನಿಮಿಷ. ಕಡೆಯ ಐದನೆಯ ಒಂದು ಭಾಗವನ್ನು ತುಂಬಲು ಮೊದಲಿನ ಬಹುಭಾಗಕ್ಕೆ ಹಿಡಿದಷ್ಟೇ ಕಾಲ ಹಿಡಿದರೂ ಆಶ್ಚರ್ಯಪಡಬೇಕಿಲ್ಲ. ದಾರಿಯ ನಿಲ್ದಾಣದಲ್ಲಿ, ಹಿಂದೆ ನಾಲ್ಕು ಗಾಡಿ ಕಾಯುತ್ತಿರುವಾಗ, ನೂರಾಗುವವರೆಗೆ ಗನ್ನನ್ನು ಬಿಡದೆ ಕೂತಿರುವವನು ತನ್ನ ಕಾಲವನ್ನೂ ಪರರ ಕಾಲವನ್ನೂ ಏಕಕಾಲದಲ್ಲಿ ವ್ಯರ್ಥಮಾಡುವನು.

ಹೊಸಪೇಟೆಯಿಂದ ಬೆಂಗಳೂರಿಗೆ ಸುಮಾರು 340 ಕಿಲೋಮೀಟರ್. ಕೂಡ್ಲಿಗಿಯ ಮೇಲೆ ಹಾದು, ಚಿತ್ರದುರ್ಗದಲ್ಲಿ 48ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಕೂಡಿಕೊಂಡು, ಹಿರಿಯೂರು, ಶಿರಾ, ತುಮಕೂರುಗಳ ಮಾರ್ಗವಾಗಿ ಹೋಗುವುದು ವಾಡಿಕೆ. 45 ಯೂನಿಟ್ಟಿನ ವಾಹನವು ಹೆದ್ದಾರಿಯಲ್ಲಿ ಯೂನಿಟ್ಟಿಗೆ 6 ಕಿಲೋಮೀಟರ್ ಓಡುವುದೆಂದಿಟ್ಟುಕೊಂಡರೆ ಒಮ್ಮೆ ನಿಲ್ಲಲೇಬೇಕು. ಎಲ್ಲಿ ನಿಲ್ಲಬೇಕೆಂಬುದರ ಮೇಲೆ ಕಾಲವು ನಿಂತಿದೆ. ಸುಮಾರು 138 ಕಿಲೋಮೀಟರ್ ದೂರದ ಚಿತ್ರದುರ್ಗದಲ್ಲಿ ನಿಂತರೆ ಬ್ಯಾಟರಿ ಇನ್ನೂ ಅರ್ಧ ತುಂಬಿರುವುದು, ಮುಂದೆ ಇನ್ನೂ 200 ಕಿಲೋಮೀಟರ್ ಉಳಿದಿರುವುದು. ಆ ಓಟಕ್ಕೆ 34 ಯೂನಿಟ್ಟೂ, ಬೆಂಗಳೂರಿನ ಎತ್ತರಕ್ಕೆ ಏರಲು ಒಂದೆರಡು ಯೂನಿಟ್ಟೂ, ತಲುಪಿದಾಗ ಕೈಯಲ್ಲಿರಬೇಕಾದ ಆರು ಯೂನಿಟ್ಟೂ ಸೇರಿ ಶೇಕಡ 90ನ್ನು ಮೀರಿ ತುಂಬಬೇಕಾಗುವುದರಿಂದ ನಿಧಾನದ ಹಂತಕ್ಕೆ ಸಿಕ್ಕಿಕೊಳ್ಳುವುದು ಅನಿವಾರ್ಯ. ಇನ್ನು 42 ಕಿಲೋಮೀಟರ್ ತಾಳ್ಮೆಯಿಂದ ಓಡಿಸಿ ಹಿರಿಯೂರಿನಲ್ಲಿ ನಿಂತರೆ ಬ್ಯಾಟರಿ ಮೂರನೆಯ ಒಂದು ಭಾಗಕ್ಕೆ ಇಳಿದಿರುವುದು, ಉಳಿದ ದಾರಿಯೂ 160ಕ್ಕೆ ಇಳಿದಿರುವುದು. ಸುಮಾರು 20 ಯೂನಿಟ್ ತುಂಬಿಕೊಂಡು ಶೇಕಡ 80ರ ಒಳಗೇ ಹೊರಡಬಹುದು. 60 ಕಿಲೋವಾಟಿನ ಚಾರ್ಜರಿನಲ್ಲಿ ಇದು ಅರ್ಧ ಗಂಟೆಯ ಕೆಲಸ, 30 ಕಿಲೋವಾಟಿನದರಲ್ಲಿ ಮುಕ್ಕಾಲು ಗಂಟೆಯ ಕೆಲಸ. ಊಟಕ್ಕೆಂದು ಹೇಗೂ ಇಳಿಯುವವರಿಗೆ ಇಷ್ಟೂ ಲೆಕ್ಕಕ್ಕೆ ಬಾರದು. 79 ಯೂನಿಟ್ಟಿನ ವಾಹನವನ್ನು ಹಿತಮಿತವಾಗಿ ಓಡಿಸುವವರು ನಿಲ್ಲದೆಯೇ ಬೆಂಗಳೂರನ್ನು ತಲುಪಬಹುದು. ಹಾಗೆ ನಿಲ್ಲದೆ ಹೋಗಲು ಮನುಷ್ಯದೇಹ ಒಪ್ಪುವುದೇ ಎಂಬುದು ಬೇರೆ ಪ್ರಶ್ನೆ.

ಬೆಂಗಳೂರು ಹೊಸಪೇಟೆಗಿಂತ 400 ಮೀಟರಿಗೂ ಮಿಕ್ಕು ಎತ್ತರದಲ್ಲಿದೆ. ಹೋಗುವಾಗ ಎರಡು ಯೂನಿಟ್ಟಿನಷ್ಟು ಹೆಚ್ಚು ತೆತ್ತು, ಬರುವಾಗ ಅದೇ ಪ್ರಮಾಣದ ಲಾಭ ಪಡೆಯುವುದರಿಂದ ಹಿಂದಿರುಗುವ ಪ್ರಯಾಣದಲ್ಲಿ ಕಾಯುವ ಹೊತ್ತು ಕೊಂಚ ಕಡಮೆ. ವೇಗದ ಪ್ರಭಾವ ಇದಕ್ಕಿಂತ ಬಹಳ ದೊಡ್ಡದು. ಗಾಳಿಯ ಪ್ರತಿರೋಧವು ವೇಗದ ವರ್ಗದಂತೆ ಬೆಳೆಯುವುದರಿಂದ ಗಂಟೆಗೆ 80 ಕಿಲೋಮೀಟರಿನಲ್ಲಿ ಓಡುವಾಗ ಇದ್ದ ಪ್ರತಿರೋಧ 100ರಲ್ಲಿ ಒಂದೂವರೆ ಪಟ್ಟಿಗೂ ಮೀರುವುದು. ಎಸ್‌ಯುವಿಯ ಎತ್ತರವಾದ ಅಗಲವಾದ ಎದೆಗೆ ಇದು ವಿಶೇಷವಾಗಿ ತಟ್ಟುವುದು. ರಸ್ತೆಯಲ್ಲಿ ಗಳಿಸಿದ ನಿಮಿಷಗಳಲ್ಲಿ ಒಂದಂಶವನ್ನು ಚಾರ್ಜರಿನ ಮುಂದೆ ಹಿಂದಿರುಗಿಸಬೇಕಾಗುವುದು.

ಯಂತ್ರದ ಮೇಲೆ ಬರೆದ ಸಂಖ್ಯೆಯನ್ನು ಪೂರ್ಣವಾಗಿ ನಂಬುವಂತಿಲ್ಲ. 60 ಕಿಲೋವಾಟಿನ ಚಾರ್ಜರಿಗೆ ಎರಡು ಗನ್ನಿದ್ದು, ಪಕ್ಕದಲ್ಲಿ ಇನ್ನೊಂದು ವಾಹನ ಬಂದು ನಿಂತರೆ ಶಕ್ತಿಯು ಇಬ್ಬರಿಗೂ ಮೂವತ್ತು ಮೂವತ್ತಾಗಿ ಹಂಚಿಹೋಗುವುದುಂಟು. ಮಹೀಂದ್ರದ ದೊಡ್ಡ ವಾಹನಗಳು ಸುಮಾರು 175 ಕಿಲೋವಾಟಿನ ಚಾರ್ಜರಿನಲ್ಲಿ ಶೇಕಡ 20ರಿಂದ 80ಕ್ಕೆ 20 ನಿಮಿಷದಲ್ಲಿ ತುಂಬುವುವೆಂದು ತಯಾರಕರು ಹೇಳುವರು. ಅದೇ ವಾಹನ 60 ಕಿಲೋವಾಟಿನದರ ಮುಂದೆ ಸುಮಾರು 50 ನಿಮಿಷವೂ, 30 ಕಿಲೋವಾಟಿನದರ ಮುಂದೆ ಒಂದೂ ಮುಕ್ಕಾಲು ಗಂಟೆಯೂ ನಿಲ್ಲುವುದು. ಹುಬ್ಬಳ್ಳಿಯ ಕಡೆಯ ಪ್ರಯಾಣ ಇಷ್ಟು ಜಟಿಲವಲ್ಲ. ಕೊಪ್ಪಳ, ಗದಗಗಳ ಮೂಲಕ ಸುಮಾರು 150 ಕಿಲೋಮೀಟರ್ ಮಾತ್ರ ಆದುದರಿಂದ ಒಮ್ಮುಖವಾಗಿ ನಿಲ್ಲದೆ ಹೋಗಬಹುದು, ಅಲ್ಲಿನ ಕೆಲಸ ಮುಗಿಯುವಷ್ಟರಲ್ಲಿ ಹಿಂದಿರುಗಲು ಬೇಕಾದುದನ್ನು ತುಂಬಿಕೊಳ್ಳಬಹುದು.

ಬೇಸಗೆಯ ಮಾತನ್ನು ಇಲ್ಲಿಯೇ ಸೇರಿಸಬೇಕು. ಹಿಮದೇಶಗಳಲ್ಲಿ ಚಳಿಯು ಚಾರ್ಜಿಂಗನ್ನು ಮಂದಗೊಳಿಸುವುದಾದರೆ, 40 ಡಿಗ್ರಿಯನ್ನು ಮೀರುವ ಬಳ್ಳಾರಿ ಸೀಮೆಯ ಬಿಸಿಲು ಬೇರೆ ರೀತಿಯಲ್ಲಿ ಅದನ್ನೇ ಮಾಡುವುದು. ಬಿಸಿಯಾದ ರಸ್ತೆಯಲ್ಲಿ ವೇಗವಾಗಿ ಓಡಿ ಕಾದ ಬ್ಯಾಟರಿಗೆ ಒಡನೆಯೇ ಫಾಸ್ಟ್ ಚಾರ್ಜರನ್ನು ಚುಚ್ಚಿದರೆ, ವಾಹನವು ಮೊದಲು ತನ್ನನ್ನು ತಣ್ಣಗಾಗಿಸಿಕೊಳ್ಳಲು ವಿದ್ಯುತ್ತಿನ ಒಂದು ಭಾಗವನ್ನು ವ್ಯಯಿಸಿ, ಸ್ವೀಕರಿಸುವ ವೇಗವನ್ನೂ ಇಳಿಸಿಕೊಳ್ಳುವುದು. ನಸುಕಿನಲ್ಲಿ ಹೊರಟವರಿಗೆ ಈ ಕಷ್ಟವಿಲ್ಲ.

ಹಂಪಿಗೆ ಬರುವವರು

ಹಂಪಿಯಲ್ಲಿ ವಿದ್ಯುದ್ವಾಹನವು ಅಪರಿಚಿತವಲ್ಲ. ಗೆಜ್ಜಲ ಮಂಟಪದ ಬಳಿಯಿಂದ ವಿಜಯವಿಠಲ ದೇವಾಲಯದವರೆಗೆ ಪ್ರವಾಸಿಗಳನ್ನು ಕರೆದೊಯ್ಯುವ ಬ್ಯಾಟರಿ ಗಾಡಿಗಳು, ಅವುಗಳನ್ನು ನಡೆಸುವ ಸ್ಥಳೀಯ ಮಹಿಳೆಯರು, ಎಸ್‌ಯುವಿಗಳು ಬರುವ ಮೊದಲೇ ಅಲ್ಲಿ ನೆಲೆಗೊಂಡಿದ್ದರು. 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಸ್ಮಾರಕಗಳ ಪರಿಸರದಲ್ಲಿ ಹೊಸ ಕಟ್ಟಡ, ಕಂಬ, ಅಗೆತ ಯಾವುದಕ್ಕೂ ಅನುಮತಿ ಬೇಕಾಗಿರುವುದರಿಂದ ದೊಡ್ಡ ಚಾರ್ಜಿಂಗ್ ನಿಲ್ದಾಣಗಳಿಗೆ ಹೊಸಪೇಟೆಯೇ ಸಹಜವಾದ ಸ್ಥಾನ. ವಿದ್ಯುತ್ತಿಗೆ ಈ ಸೀಮೆಯಲ್ಲಿ ಬರವಿಲ್ಲ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಬಲದಂಡೆಯ ಎರಡು ಜಲವಿದ್ಯುದಾಗಾರಗಳಲ್ಲಿ, ಎಂದರೆ ಅಣೆಯ ಬುಡದ್ದರಲ್ಲಿಯೂ ಹಂಪಿಯ ಹೆಸರನ್ನು ಹೊತ್ತಿರುವುದರಲ್ಲಿಯೂ, 9 ಮೆಗಾವಾಟಿನ ನಾಲ್ಕು ನಾಲ್ಕು ಯಂತ್ರಗಳಿವೆ; ನೀರು ಹರಿಯುವ ದಿನಗಳಲ್ಲಿ ಅವುಗಳ ಪೈಕಿ ಒಂದೇ ಯಂತ್ರವು 15 ಆಂಪ್ ಪಾಯಿಂಟಿನಲ್ಲಿ ನಿಂತ ಸುಮಾರು 2,700 ವಾಹನಗಳನ್ನು, ಅಥವಾ 60 ಕಿಲೋವಾಟಿನ 150 ಚಾರ್ಜರುಗಳನ್ನು ಸಾಕಬಲ್ಲುದು. ಕುಡತಿನಿಯ 1,700 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಬೇರೆ ಇದೆ. ಕೊರತೆಯಿರುವುದು ಬೀದಿಯ ಟ್ರಾನ್ಸ್‌ಫಾರ್ಮರಿನ ಶಕ್ತಿಯಲ್ಲಿ, ಲಾಡ್ಜಿನ ಮಂಜೂರಾದ ಲೋಡಿನಲ್ಲಿ.

ಬೆಂಗಳೂರಿನಿಂದಲೋ ಗೋವೆಯಿಂದಲೋ ಹೈದರಾಬಾದಿನಿಂದಲೋ ಬರುವ ಪ್ರವಾಸಿಯು ಸಾಮಾನ್ಯವಾಗಿ ಒಂದೆರಡು ರಾತ್ರಿ ತಂಗುವನು. ಹಗಲು ಬಂಡೆಗಳ ನಡುವೆ ಅವನು ಓಡಿಸುವುದು ಮೂವತ್ತು ನಲವತ್ತು ಕಿಲೋಮೀಟರ್. ವಸತಿಗೃಹದವರು ಅಂಗಳದಲ್ಲಿ ಫಾಸ್ಟ್ ಚಾರ್ಜರು ನಿಲ್ಲಿಸಬೇಕೇ ಎಂದು ಆಲೋಚಿಸುವಾಗ ಈ ಸಂಗತಿಯನ್ನು ಗಮನಿಸಬೇಕು. 30 ಕಿಲೋವಾಟಿನ ಒಂದು ಚಾರ್ಜರಿಗೂ, 3.3 ಕಿಲೋವಾಟಿನ ಒಂಬತ್ತು ಸಾದಾ ಪಾಯಿಂಟುಗಳಿಗೂ ಜೆಸ್ಕಾಂನಿಂದ ಮಂಜೂರು ಮಾಡಿಸಬೇಕಾದ ಲೋಡು ಹೆಚ್ಚುಕಡಮೆ ಸಮಾನ. ರಾತ್ರಿ ಎಂಟರಿಂದ ಬೆಳಗಿನ ಆರರವರೆಗಿನ ಹತ್ತು ಗಂಟೆಯಲ್ಲಿ ಎರಡೂ ಸುಮಾರು 300 ಯೂನಿಟ್ಟನ್ನೇ ಕೊಡುವುವು. ಒಂಬತ್ತು ಪಾಯಿಂಟುಗಳಲ್ಲಿ ನಿಂತ ಒಂಬತ್ತು ಗಾಡಿಗಳು ಯಾರನ್ನೂ ಎಬ್ಬಿಸದೆ ಬೆಳಗಾಗುವಷ್ಟರಲ್ಲಿ ತಲಾ ಮೂವತ್ತು ಯೂನಿಟ್ ತುಂಬಿಕೊಂಡಿರುವುವು. ಒಂದೇ ಫಾಸ್ಟ್ ಚಾರ್ಜರಿನಿಂದ ಅಷ್ಟೇ ಕೆಲಸ ತೆಗೆಯಬೇಕಾದರೆ ಗಂಟೆಗೊಮ್ಮೆ ಒಬ್ಬೊಬ್ಬ ಅತಿಥಿಯ ಬಾಗಿಲನ್ನು ಬಡಿದು, ಗಾಡಿ ಸರಿಸಿ ಎಂದು ಹೇಳಲು ರಾತ್ರಿಪಾಳಿಯ ಆಳೊಬ್ಬನನ್ನು ನೇಮಿಸಬೇಕಾಗುವುದು.